ಮೆಕ್ಯಾನಿಕ್ ಸ್ಟೆತಸ್ಕೋಪ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಎಂಜಿನ್ನಿನಲ್ಲಿ ಸದ್ದು ಬಂದರೆ ಬಾನೆಟ್ ಎತ್ತುವ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ: ಟಿಕ್ ಟಿಕ್ ಅಂದರೆ ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ), ದಪ್ಪಗೆ ಕುಟ್ಟಿದರೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯದು), ಗುರ್ ಅಂದರೆ ವಾಟರ್ ಪಂಪ್. ಹೆಡ್ ಕವರ್ ಬಿಚ್ಚಿ, ಲಿಫ್ಟರ್ (ಟ್ಯಾಪೆಟ್ಟಿನದೇ ಇನ್ನೊಂದು ಹೆಸರು) ಎಲ್ಲ ಹೊಸದು ಹಾಕಿ ಸ್ಟಾರ್ಟ್ ಮಾಡಿದರೆ ಅದೇ ಸದ್ದು. ಇಂಥ ದಂಡದ ಖರ್ಚು ತಪ್ಪಿಸಲು ಮೆಕ್ಯಾನಿಕ್ ಸ್ಟೆತಸ್ಕೋಪಿನಷ್ಟು ಸರಳವಾದ ಸಾಧನ ಇನ್ನೊಂದಿಲ್ಲ. ಹಾಗಂತ ಅದು ಕೇಳಿಸಿದ್ದನ್ನೆಲ್ಲ ನಂಬಿದರೆ ದಾರಿ ತಪ್ಪಿಸುವುದೂ ಅದೇ.

ಕಿವಿಗೆ ಎರಡು ನಳಿಕೆ, ರಬ್ಬರ್ ಕೊಳವೆ, ಒಳಗೆ ತೆಳುವಾದ ಪೊರೆಯಿರುವ ಪುಟ್ಟ ಲೋಹದ ಡಬ್ಬಿ, ಅದಕ್ಕೆ ತಿರುಪಿನಿಂದ ಕೂರುವ ಉದ್ದನೆಯ ಉಕ್ಕಿನ ಕಡ್ಡಿ, ಇಷ್ಟೇ. ಬ್ಯಾಟರಿ ಬೇಡ. ಉದ್ದನೆ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಹಳೆಯ ಪದ್ಧತಿಯೂ ಇದೇ ತತ್ವದ್ದು. ಆದರೆ ಅಲ್ಲಿ ಮುಖವನ್ನು ತಿರುಗುವ ಬೆಲ್ಟಿನ ಹತ್ತಿರಕ್ಕೆ ಒಯ್ಯಬೇಕು. ಆ ಅಪಾಯ ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೂ ಸ್ಟೆತಸ್ಕೋಪ್ ಇಟ್ಟುಕೊಳ್ಳಬಹುದು.

ಇದು ಚೆನ್ನಾಗಿ ಕೆಲಸ ಮಾಡುವುದು ಬೆಲ್ಟಿನಿಂದ ತಿರುಗುವ ಭಾಗಗಳ ಮೇಲೆ. ಆಲ್ಟರ್ನೇಟರ್ ಆದರೆ ಮುಂದಿನ ಬೇರಿಂಗ್ ಇರುವ ಕಡೆ ಒಮ್ಮೆ, ಹಿಂದಿನ ತುದಿಗೆ ಒಮ್ಮೆ ಕಡ್ಡಿ ಇಡಬೇಕು. ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿಯ ನಡುವಿನ ಬೋಲ್ಟ್ ತಿರುಗುವುದಿಲ್ಲ, ಅದಕ್ಕೆ ಮುಟ್ಟಿಸಬಹುದು. ತಿರುಗುವ ಪುಲ್ಲಿಗೆ ಎಂದೂ ತಾಗಿಸಬಾರದು. ವಾಟರ್ ಪಂಪಿಗೆ ಅದರ ಮೈಮೇಲೆ, ಬೇರಿಂಗಿಗೆ ಆದಷ್ಟು ಹತ್ತಿರ. ಒಳ್ಳೆಯ ಬೇರಿಂಗ್ ಒಂದೇ ಸಮನೆ ಮೆತ್ತಗೆ ಗುಂಯ್‌ಗುಡುತ್ತದೆ. ಸವೆದದ್ದು ಮರಳು ಅರೆದ ಹಾಗೆ ಕರಕರ ಅನ್ನುತ್ತದೆ, ವ್ಯತ್ಯಾಸ ಹೊಸಬರಿಗೂ ಗೊತ್ತಾಗುತ್ತದೆ.

ಗೊತ್ತಾದ ಮೇಲೂ ತಾಳೆ ನೋಡಲೇಬೇಕು. ಎಂಜಿನ್ ಆರಿಸಿ, ಹೊರಗಿನ ಬೆಲ್ಟ್ ಬಿಚ್ಚಿ, ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿ. ಸದ್ದು ನಿಂತರೆ ದೋಷ ಆ ಬೆಲ್ಟಿನ ಸುತ್ತ ಇದೆ. ಹಾಗೇ ಇದ್ದರೆ ಎಂಜಿನ್ನಿನ ಕಡೆ ಹುಡುಕಬೇಕು. ಬೆಲ್ಟ್ ಇಲ್ಲದಾಗ ಬ್ಯಾಟರಿ ದೀಪ ಉರಿಯುವುದು ಸಹಜ. ವಾಟರ್ ಪಂಪ್ ಅದೇ ಬೆಲ್ಟಿನಿಂದ ನಡೆಯುವುದಾದರೆ ನೀರು ಸುತ್ತುವುದಿಲ್ಲ, ಅದಕ್ಕೇ ಅರ್ಧ ನಿಮಿಷದ ಮಿತಿ. ಎಂಜಿನ್ ಆರಿಸಿದ ಮೇಲೆ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿ. ಎರಡು ಎಚ್ಚರಿಕೆ: ಟೆನ್ಷನರ್ (ಬೆಲ್ಟನ್ನು ಬಿಗಿ ಹಿಡಿಯುವ ಪುಲ್ಲಿ) ಇಲ್ಲದೆ ಎಳೆದು ಕೂರಿಸುವ ಬೆಲ್ಟ್‌ಗಳನ್ನು ಬಿಚ್ಚಿದರೆ ಸಾಮಾನ್ಯವಾಗಿ ಹೊಸದೇ ಹಾಕಬೇಕು. ವಾಲ್ವ್ ತೆರೆಯುವ ಲಯ ಕಾಯುವ ಟೈಮಿಂಗ್ ಬೆಲ್ಟನ್ನಂತೂ ಈ ಪರೀಕ್ಷೆಗಾಗಿ ಮುಟ್ಟಲೇಬಾರದು.

ಟಿಕ್ ಟಿಕ್ ಸದ್ದಿನ ವಿಷಯ ಇಷ್ಟು ಸುಲಭವಲ್ಲ, ಹೆಚ್ಚು ಜನ ಎಡವುವುದೂ ಇಲ್ಲೇ. 4 ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ನಡೆಸುವ ಕ್ಯಾಂಶಾಫ್ಟ್, ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ಐಡ್ಲಿಂಗ್ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸುತ್ತು, ಕ್ಯಾಂ 7ಕ್ಕೂ ಕಡಿಮೆ. ಹಾಗಾಗಿ ಸಡಿಲವಾದ ಒಂದು ಟ್ಯಾಪೆಟ್ ಸೆಕೆಂಡಿಗೆ ಆರೇಳು ಸಲ ಬಡಿಯುತ್ತದೆ. ಒಂದು ಸಿಲಿಂಡರಿನ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಅದೂ ಅಷ್ಟೇ ಸಲ ಚಿಟಗುಟ್ಟುತ್ತದೆ, ಯಾಕೆಂದರೆ ಆ ಸಿಲಿಂಡರ್ ಹೊಗೆ ಹೊರದೂಡುವುದೂ ಎರಡು ಸುತ್ತಿಗೆ ಒಮ್ಮೆ. ಇಂಧನ ಚಿಮ್ಮಿಸುವ ಇಂಜೆಕ್ಟರಿನ ಲೆಕ್ಕವೂ ಹೆಚ್ಚು ಕಡಿಮೆ ಹಾಗೇ. ಮೂರರದ್ದೂ ಲಯ ಒಂದೇ ಆದ್ದರಿಂದ ಬರಿಗಿವಿಗೆ ಮೂರೂ ಟ್ಯಾಪೆಟ್ಟೇ!

ಬೇರ್ಪಡಿಸುವ ಕ್ರಮ ಹೀಗೆ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ದರೆ ಸರಿಪಡಿಸುವ ತನಕ ಉಳಿದದ್ದೆಲ್ಲ ದಂಡ. ಆಯಿಲ್ ಪ್ರೆಷರ್ ದೀಪ ಉರಿಯುತ್ತಿದ್ದರೆ ಕೇಳುತ್ತಾ ಕೂರಬೇಡಿ, ಎಂಜಿನ್ ಆರಿಸಿ. ಮಟ್ಟ ಸರಿಯಿದ್ದರೆ ಕಡ್ಡಿಯನ್ನು ಪ್ರತಿ ಇಂಜೆಕ್ಟರಿನ ಮೈಗೆ ಇಟ್ಟು ಕೇಳಿ. ಚುರುಕಾದ ಕ್ಲಿಕ್ ಎಲ್ಲದರಲ್ಲೂ ಒಂದೇ ತೆರನಾಗಿರಬೇಕು. ಆಮೇಲೆ ಹೆಡ್ ಕವರಿನ ಬೋಲ್ಟ್‌ಗಳ ಮೇಲೆ, ಒಂದು ಸಿಲಿಂಡರಿನಿಂದ ಮುಂದಿನದಕ್ಕೆ ಅದೇ ಒತ್ತಡದಲ್ಲಿ, ಅದೇ ಕೋನದಲ್ಲಿ. ಒತ್ತಡ ಬದಲಾದರೆ ಸದ್ದಿನ ಗಾತ್ರವೂ ಬದಲಾಗಿ ಹೋಲಿಕೆ ಕೆಡುತ್ತದೆ.

ಎಕ್ಸಾಸ್ಟ್ ಸೋರಿಕೆಗೆ ಕಡ್ಡಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ತಿರುಗಿಸಿ ತೆಗೆದು, ಆ ಜಾಗಕ್ಕೆ ಒಂದು ಅಡಿಯಷ್ಟು ರಬ್ಬರ್ ಪೈಪ್ ಸಿಕ್ಕಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಹೊಗೆ ಕೊಳವೆಗಳ ಮ್ಯಾನಿಫೋಲ್ಡು ಹೆಡ್ಡಿಗೆ ಕೂರುವ ಅಂಚಿನುದ್ದಕ್ಕೂ ಎರಡು ಮೂರು ಸೆಂಟಿಮೀಟರ್ ದೂರದಲ್ಲೇ ಪೈಪಿನ ಬಾಯಿ ಆಡಿಸಿ. ಸೋರುವ ಜಾಗದಲ್ಲಿ ಸದ್ದು ಒಮ್ಮೆಲೇ ಕಿವಿಗೆ ರಾಚುತ್ತದೆ. ತಣ್ಣಗಿರುವಾಗಲೇ ಮಾಡಬೇಕು: ಕಾದ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡರೆ ಸದ್ದು ಮಾಯವಾಗುತ್ತದೆ. ತಣ್ಣಗಿದ್ದಾಗ ಬಂದು ಬಿಸಿಯಾದಾಗ ಹೋಗುವ ಈ ಗುಣವೇ ಹೈಡ್ರಾಲಿಕ್ ಲಿಫ್ಟರಿಗೂ ಇರುವುದರಿಂದ ಗೊಂದಲ ಇನ್ನಷ್ಟು. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಗೆರೆ, ತುಂಡಾದ ಸ್ಟಡ್, ಆಕ್ಸಿಲರೇಟರ್ ಒತ್ತಿದಾಗ ಜೋರಾಗುವ ಟಿಕ್ ಟಿಕ್, ಇವು ಸಿಕ್ಕರೆ ಲಿಫ್ಟರ್ ತಂಟೆಗೆ ಹೋಗಬೇಡಿ. ಇನ್‌ಟೇಕ್ ಕಡೆಯ ಗಾಳಿ ಸೋರಿಕೆಯ ಸುಯ್ ಸದ್ದನ್ನೂ ಇದೇ ಪೈಪ್ ಹಿಡಿದುಕೊಡುತ್ತದೆ.

ಏನೂ ಕೆಡದೆಯೂ ಸದ್ದು ಮಾಡುವ ಭಾಗಗಳಿವೆ. ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನ ಹೈ ಪ್ರೆಷರ್ ಪಂಪ್ ಟಕಟಕ ಅನ್ನುವುದು ಅದರ ಸ್ವಭಾವ. ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಆಗಾಗ ಟಿಕ್ ಟಿಕ್ ಅಂದು ಸುಮ್ಮನಾಗುತ್ತದೆ. ಕಡ್ಡಿ ಇಟ್ಟ ಕ್ಷಣದಲ್ಲೇ ಇವು ಪತ್ತೆಯಾಗುತ್ತವೆ.

ಇನ್ನು ಕುಟ್ಟುವ ಸದ್ದು. ಸ್ಟೆತಸ್ಕೋಪಿನ ದೊಡ್ಡ ಕೊರತೆ ಕಾಣುವುದು ಇಲ್ಲಿ. ಸದ್ದು ಲೋಹದುದ್ದಕ್ಕೂ ಹರಿಯುತ್ತದೆ, ಜೋರಾಗಿ ಕೇಳಿದ ಜಾಗವೇ ಮೂಲ ಎನ್ನುವಂತಿಲ್ಲ. ಆಯಿಲ್ ಪ್ಯಾನ್ ತೆಳು ತಗಡಿನದಾದರೆ ಅದರ ಮೇಲೆ ಎಲ್ಲ ಸದ್ದೂ ಬಿಗ್ ಎಂಡ್ ಬಡಿದಂತೆಯೇ ಕೇಳುತ್ತದೆ. ಪ್ಯಾನ್ ಬಿಟ್ಟು ಬ್ಲಾಕಿನ ಪಕ್ಕಕ್ಕೆ, ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿಗೆ ಇಟ್ಟು ಎರಡನ್ನೂ ಹೋಲಿಸಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನನ್ನು ಗೇರ್‌ಬಾಕ್ಸ್ ಕಡೆಗೆ ಜೋಡಿಸುವ ಫ್ಲೆಕ್ಸ್‌ಪ್ಲೇಟ್ ಬಿರುಕು ಬಿಟ್ಟಿದ್ದರೆ ಅಥವಾ ಅದಕ್ಕೆ ಕೂರುವ ಟಾರ್ಕ್ ಕನ್ವರ್ಟರಿನ ಬೋಲ್ಟ್ ಸಡಿಲವಾಗಿದ್ದರೆ ಬರುವ ಸದ್ದು ಬಿಗ್ ಎಂಡ್ ಸದ್ದಿನ ತದ್ರೂಪ. ಸಡಿಲ ಬೋಲ್ಟ್ ಬಿಗಿಗೊಳಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಎಂಜಿನ್ ಇಳಿಸುವ ಮುನ್ನ ತಪಾಸಣೆಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದು ಎಷ್ಟೋ ಮೇಲು.

ಇಲ್ಲೂ ತಾಳೆ ನೋಡುವ ದಾರಿ ಇದೆ. ಪೆಟ್ರೋಲ್ ಸಿಲಿಂಡರಿನ ಹೊರಗೇ ಚಿಮ್ಮುವ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ ಕೇಳಿ. ಯಾವ ಸಿಲಿಂಡರ್ ನಿಂತಾಗ ಕುಟ್ಟುವುದು ಎದ್ದು ಕಾಣುವಷ್ಟು ಇಳಿಯುತ್ತದೋ ಅದರ ಬೇರಿಂಗ್ ಮೇಲೆ ಅನುಮಾನ ಪಡಬಹುದು. ಯಾವುದನ್ನು ಕಳಚಿದರೂ ಬದಲಾಗದಿದ್ದರೆ ಬೆಲ್ ಹೌಸಿಂಗ್ ಕಡೆ ತಿರುಗಿ. ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್ ಕಳಚಬಾರದು, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಡೈರೆಕ್ಟ್ ಇಂಜೆಕ್ಷನ್, ಕಾಮನ್ ರೇಲ್ ಡೀಸೆಲ್ ಎಂಜಿನ್‌ಗಳ ಇಂಜೆಕ್ಟರಿಗೆ ಹೋಗುವ ವೋಲ್ಟೇಜ್ ಹೆಚ್ಚು, ಅಲ್ಲಿ ಕೈಯಿಂದ ಕಳಚದೆ ಸ್ಕ್ಯಾನರ್ ಮೂಲಕವೇ ಸಿಲಿಂಡರ್ ನಿಲ್ಲಿಸಬೇಕು.

ಕಾರು ನ್ಯೂಟ್ರಲ್ ಅಥವಾ ಪಾರ್ಕಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ನೇತಾಡುವ ಕೊಳವೆಯನ್ನು ಅಂಗಿಯೊಳಗೆ ಸೇರಿಸಿ, ಬೆಲ್ಟಿಗೆ ಸಿಕ್ಕಿದರೆ ಕಿವಿಯನ್ನೇ ಎಳೆದುಕೊಂಡು ಹೋಗುತ್ತದೆ. ಕಡ್ಡಿ ವಿದ್ಯುತ್ ಹರಿಸುವ ಉಕ್ಕು, ಕಾಯಿಲ್ ಮತ್ತು ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಒಯ್ಯಬೇಡಿ.

ಬಾಳಿಕೆಯ ಬಗ್ಗೆ: ಲೋಹದ ಭಾಗಕ್ಕೆ ಸಾವಿಲ್ಲ, ಮೊದಲು ಹೋಗುವುದು ರಬ್ಬರ್. ಬಿಸಿ, ಆಯಿಲ್ ತಾಗಿದ ಕೊಳವೆ ಗಡುಸಾಗಿ, ಕಿವಿ ನಳಿಕೆ ಸೇರುವ ಕಡೆ ಕೂದಲೆಳೆಯ ಬಿರುಕು ಬಿಡುತ್ತದೆ. ಹೊರಗಿನ ಸದ್ದು ಒಳನುಗ್ಗಿ ಒಂದು ಕಿವಿಗೆ ಕಡಿಮೆ ಕೇಳತೊಡಗಿದರೆ ಇದೇ ಕಾರಣ. ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿಟ್ಟರೆ ಹೆಚ್ಚು ದಿನ ಬರುತ್ತದೆ. ಅದಕ್ಕಿಂತ ಮೋಸದ್ದು ಕಡ್ಡಿಯ ತಿರುಪು. ಎಂಜಿನ್ನಿನ ಅದುರಿಗೆ ಅದು ಸಡಿಲಾದರೆ ತಾನೇ ಝಿರ್ ಅನ್ನುತ್ತದೆ, ಒಳ್ಳೆಯ ಬೇರಿಂಗೂ ಹಾಳಾದಂತೆ ಕೇಳುತ್ತದೆ. ಬಳಸುವ ಮುನ್ನ ತಿರುಪು ಬಿಗಿ ಮಾಡಿ, ತುದಿಯನ್ನು ಉಗುರಿನಿಂದ ಮೆಲ್ಲಗೆ ಗೀರಿ ನೋಡಿ: ಗೀರಿದ ಸದ್ದು ಮಾತ್ರ ಸ್ವಚ್ಛವಾಗಿ, ಎರಡೂ ಕಿವಿಗೆ ಸಮವಾಗಿ ಕೇಳಬೇಕು.