ಬೆಂಗಳೂರಿನ ‘24 ಗಂಟೆ’ ಪೆಟ್ ಆಸ್ಪತ್ರೆಗಳು ಬೆಕ್ಕಿಗೆ ಎಷ್ಟು ಆಗಿಬರುತ್ತವೆ?

ಬೆಂಗಳೂರಿನಲ್ಲಿ ಈಗ ಏರಿಯಾಗೊಂದು ಪೆಟ್ ಕ್ಲಿನಿಕ್ ಇದೆ. ‘24×7’ ಅಂತ ಬೋರ್ಡ್ ಹಾಕಿಕೊಂಡವೂ ಕಡಿಮೆಯೇನಿಲ್ಲ. ಲಸಿಕೆ ಹಾಕಿಸಲು, ಉಗುರು ಕತ್ತರಿಸಲು ಯಾವುದಾದರೂ ನಡೆದೀತು. ಸಂಜೆವರೆಗೂ ಆಡಿಕೊಂಡಿದ್ದ ಬೆಕ್ಕು ಮಧ್ಯರಾತ್ರಿ ಇದ್ದಕ್ಕಿದ್ದಂತೆ ಕುಸಿದುಬಿದ್ದಾಗ ಮಾತ್ರ ಬೋರ್ಡಿಗೂ ಒಳಗಿನ ವ್ಯವಸ್ಥೆಗೂ ಇರುವ ಅಂತರ ಗೊತ್ತಾಗುತ್ತದೆ. ಇಲ್ಲಿ ತೂಗಿ ನೋಡುತ್ತಿರುವುದು ಆ ರಾತ್ರಿ ಸೇವೆಯನ್ನು. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಯಂತ್ರಗಳ ವಿಷಯದಲ್ಲಿ ನಗರ ಚೆನ್ನಾಗಿದೆ, ರಾತ್ರಿ ಪಾಳಿಯ ಜನರ ವಿಷಯದಲ್ಲಿ ಸಾಧಾರಣ, ಬೆಕ್ಕನ್ನು ‘ಸಣ್ಣ ನಾಯಿ’ ಅಂದುಕೊಳ್ಳದೆ ಬೆಕ್ಕಾಗಿಯೇ ನೋಡುವ ವಿಷಯದಲ್ಲಿ ಇನ್ನೂ ಪಳಗಬೇಕು.

‘24 ಗಂಟೆ’ಗೆ ಹಲವು ಅರ್ಥಗಳಿವೆ. ಕೆಲವು ಕಡೆ ಡಾಕ್ಟರ್ ರಾತ್ರಿಯಿಡೀ ಕಟ್ಟಡದೊಳಗೇ ಇರುತ್ತಾರೆ. ಕೆಲವು ಕಡೆ ಅಟೆಂಡರ್ ಒಬ್ಬರೇ ಇದ್ದು, ಫೋನ್ ಮಾಡಿದರೆ ಡಾಕ್ಟರ್ ಮನೆಯಿಂದ ಹೊರಟು ಬರುತ್ತಾರೆ. ಇನ್ನು ಕೆಲವು ಕಡೆ ಕರೆ ಬೇರೆ ಬ್ರಾಂಚಿಗೆ ಹೋಗುತ್ತದೆ, ಅಷ್ಟೆ. ಇದನ್ನು ರಾತ್ರಿ ಎರಡು ಗಂಟೆಗೆ ಕಂಡುಕೊಳ್ಳುವುದಲ್ಲ. ಬೆಕ್ಕು ಆರೋಗ್ಯವಾಗಿರುವಾಗಲೇ ಒಂದು ಮಧ್ಯಾಹ್ನ ಫೋನ್ ಮಾಡಿ ಕೇಳಿ: ರಾತ್ರಿ ಡಾಕ್ಟರ್ ಒಳಗೇ ಇರುತ್ತಾರಾ? ಆಕ್ಸಿಜನ್ ಕೇಜ್ ಇದೆಯಾ? ರಕ್ತದ ಪೊಟ್ಯಾಸಿಯಂ ಅಲ್ಲೇ ನೋಡುತ್ತೀರಾ, ಹೊರಗಿನ ಲ್ಯಾಬಿಗೆ ಕಳಿಸುತ್ತೀರಾ? ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ರಾತ್ರಿಯೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ನಳಿಕೆ) ಹಾಕುತ್ತೀರಾ? ಕೊನೆಯ ಪ್ರಶ್ನೆಗೆ ‘ಬೆಳಿಗ್ಗೆ ಕರ್ಕೊಂಡ್ ಬನ್ನಿ’ ಎಂಬ ಉತ್ತರ ಬಂದರೆ ಆ ನಂಬರ್ ಇಟ್ಟುಕೊಂಡು ಪ್ರಯೋಜನವಿಲ್ಲ. ದೊಮ್ಮಲೂರಿನ ಸೆಸ್ನಾ ಲೈಫ್‌ಲೈನ್‌ನಂಥ ದೊಡ್ಡ ಆಸ್ಪತ್ರೆಗಳು ಹಗಲೂ ರಾತ್ರಿ ಕೆಲಸ ಮಾಡುವುದಕ್ಕೆ ಹೆಸರಾದವು. ಆದರೆ ಕೆಂಗೇರಿಯಲ್ಲೋ ಯಲಹಂಕದಲ್ಲೋ ಇರುವವರಿಗೆ ದೊಮ್ಮಲೂರು ಯಾವ ಹೊತ್ತಿನಲ್ಲೂ ಹತ್ತಿರವಲ್ಲ, ಸಂಜೆ ಏಳರ ಟ್ರಾಫಿಕ್ಕಿನಲ್ಲಂತೂ ಕೇಳಲೇಬೇಡಿ. ಹಾಗಾಗಿ ಎರಡು ನಂಬರ್ ಇರಲಿ: ಉಸಿರು ಉಳಿಸಲು ಹತ್ತಿರದ್ದೊಂದು, ಮುಂದಿನ ಚಿಕಿತ್ಸೆಗೆ ಸೌಲಭ್ಯವಿರುವುದೊಂದು. 1962 ಸಹಾಯವಾಣಿಯ ಸಂಚಾರಿ ಪಶುಚಿಕಿತ್ಸಾ ವಾಹನ ಮುಖ್ಯವಾಗಿ ಜಾನುವಾರುಗಳಿಗೆ. ನಗರದ ಫ್ಲ್ಯಾಟಿನ ಬೆಕ್ಕಿಗೆ ಅದನ್ನೇ ನಂಬಿ ಕೂರಬೇಡಿ.

ಆಸ್ಪತ್ರೆಯ ಯೋಗ್ಯತೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಮಲಗಿರುವ ಆರೋಗ್ಯವಂತ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡುತ್ತದೆ. ಬಾಯಿ ತೆರೆದು, ಕುತ್ತಿಗೆ ಮುಂದಕ್ಕೆ ಚಾಚಿ, ಮೊಣಕೈ ಅಗಲಿಸಿ ಕೂತ ಬೆಕ್ಕು ಬಂದರೆ ಒಳ್ಳೆಯ ಕಡೆ ಫಾರಂ ತುಂಬಿಸುವುದಿಲ್ಲ, ತೂಕ ನೋಡುವುದಿಲ್ಲ. ಬಾಸ್ಕೆಟ್ ಸಮೇತ ಒಳಗೊಯ್ದು ಆಕ್ಸಿಜನ್ ಕೊಟ್ಟು ಹತ್ತು ಹದಿನೈದು ನಿಮಿಷ ಅದರ ಪಾಡಿಗೆ ಬಿಡುತ್ತಾರೆ. ಆಮೇಲೆ ಸ್ಟೆತಸ್ಕೋಪ್ ಇಡುತ್ತಾರೆ, ಎದೆಯ ಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನರ್ ಆಡಿಸುತ್ತಾರೆ. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಸೂಜಿ ಹಾಕಿ ತೆಗೆಯುತ್ತಾರೆ. ನೀರು ಶ್ವಾಸಕೋಶದ ಒಳಗೇ ಇದ್ದರೆ ಅದನ್ನು ಮೂತ್ರದ ಮೂಲಕ ಇಳಿಸುವ ಫ್ರೂಸಮೈಡ್ ಇಂಜೆಕ್ಷನ್. ಎಕ್ಸ್‌ರೇ ಏನಿದ್ದರೂ ಆಮೇಲೆ. ಬಂದ ಕೂಡಲೇ ನಾಲ್ಕೂ ಕಾಲು ಹಿಡಿದು ಮಗ್ಗುಲಿಗೆ ಮಲಗಿಸಿ ಎಕ್ಸ್‌ರೇ ತೆಗೆಯಲು ಹೊರಟರೆ ತಡೆಯುವ ಹಕ್ಕು ನಿಮಗಿದೆ. ಉಸಿರು ಕಟ್ಟಿದ ಬೆಕ್ಕಿಗೆ ಒದ್ದಾಡುವಷ್ಟು ಶಕ್ತಿಯ ಉಳಿಕೆ ಇರುವುದಿಲ್ಲ. ಹಾಗೆ ಹಿಡಿದುಕೊಂಡಾಗ ಮೇಜಿನ ಮೇಲೆಯೇ ಜೀವ ಹೋಗಬಹುದು.

ಇನ್ನೊಂದು ಗುರುತು ಥರ್ಮಾಮೀಟರ್. ಶಾಕ್‌ಗೆ, ಅಂದರೆ ರಕ್ತಸಂಚಾರ ಕುಸಿಯುವ ಸ್ಥಿತಿಗೆ ಹೋದ ನಾಯಿಯ ಎದೆಬಡಿತ ಏರುತ್ತದೆ. ಬೆಕ್ಕಿನದು ಹೆಚ್ಚಾಗಿ ಇಳಿಯುತ್ತದೆ, ಜೊತೆಗೆ ಮೈಯೂ ತಣ್ಣಗಾಗುತ್ತದೆ. ಬೆಕ್ಕಿನ ಸಹಜ ತಾಪಮಾನ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಎದೆಬಡಿತ ಕ್ಲಿನಿಕ್‌ನಲ್ಲಿ 140ರಿಂದ 220. ಕುಸಿದುಬಿದ್ದ ಬೆಕ್ಕಿನ ಬಡಿತ 120 ಇದ್ದು, ನಾಯಿಗಳನ್ನೇ ನೋಡಿ ರೂಢಿಯಾದವರು ‘ಹಾರ್ಟ್ ನಾರ್ಮಲ್ ಇದೆ’ ಅಂದರೆ ಅದು ಸಮಾಧಾನಪಡುವ ಮಾತಲ್ಲ.

ರಾತ್ರಿ ಸೇವೆಯನ್ನು ಒರೆಗೆ ಹಚ್ಚಲು ಮೂತ್ರ ಕಟ್ಟಿದ ಗಂಡು ಬೆಕ್ಕಿಗಿಂತ ಒಳ್ಳೆಯ ಕೇಸಿಲ್ಲ. ಮನೆಯವರಿಗೆ ಕಾಣುವುದಿಷ್ಟು: ಬೆಕ್ಕು ಲಿಟರ್ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತದೆ, ಕೂಗುತ್ತದೆ, ಹಿಂಭಾಗ ನೆಕ್ಕುತ್ತಲೇ ಇರುತ್ತದೆ, ಕೊನೆಗೆ ವಾಂತಿ. ಬಹಳ ಮಂದಿ ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಒಂದು ದಿನ ಕಳೆದುಬಿಡುತ್ತಾರೆ. ಟ್ರೇಯಲ್ಲಿ ಮೂತ್ರದಿಂದ ಗಟ್ಟಿಯಾದ ಮರಳಿನ ಹೊಸ ಉಂಡೆ ಇದೆಯೋ ಇಲ್ಲವೋ ಅಷ್ಟು ನೋಡಿದರೆ ಸಾಕು. ಪೂರ್ತಿ ಕಟ್ಟಿಕೊಂಡಿದ್ದರೆ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯವೇ ನಿಲ್ಲಬಹುದು. ಕೆಳಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಗಟ್ಟಿ ಗಡ್ಡೆ ಕೈಗೆ ಸಿಕ್ಕಬಹುದು. ಅದನ್ನು ಒತ್ತಿ ಮೂತ್ರ ಬರಿಸಲು ಹೋಗಬೇಡಿ, ಮೂತ್ರಕೋಶ ಒಡೆದೀತು.

ಆಸ್ಪತ್ರೆಯಲ್ಲಿ ಆಗಬೇಕಾದ ಕ್ರಮವೂ ಗೊತ್ತಿರಲಿ. ಮೊದಲು ಐವಿ ಲೈನ್, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಕ್ರಿಯೇಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ಅಂಶ), ಇಸಿಜಿ. ಪೊಟ್ಯಾಸಿಯಂ ಏರಿ ಬಡಿತ ನಿಧಾನವಾಗಿದ್ದರೆ ಇಸಿಜಿ ನೋಡಿಕೊಂಡೇ ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ನಿಧಾನವಾಗಿ ಕೊಡುತ್ತಾರೆ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯವನ್ನು ಕೆಲಹೊತ್ತು ಕಾಪಾಡುತ್ತದೆ. ಆ ಅವಧಿಯಲ್ಲಿ ಡ್ರಿಪ್ ಹೋಗಬೇಕು, ತಡೆ ತೆಗೆಯಬೇಕು. ಆಮೇಲೆ ಮತ್ತು ಬರುವ ಔಷಧಿ ಕೊಟ್ಟು, ಸಲೈನ್‌ನಿಂದ ತೊಳೆಯುತ್ತಾ 3.5 ಫ್ರೆಂಚ್ ಅಳತೆಯ (ಸುಮಾರು 1.2 ಮಿಮೀ ದಪ್ಪದ) ಮೃದುವಾದ ಕ್ಯಾತಿಟರ್ ಹಾಕಿ, ಹೊಲಿಗೆಯಿಂದ ಭದ್ರಪಡಿಸಿ, ಮುಚ್ಚಿದ ಚೀಲಕ್ಕೆ ಜೋಡಿಸಬೇಕು. ಮತ್ತಿನ ಔಷಧಿ ಕೊಡದೆ ಬಲವಂತವಾಗಿ ತೂರಿಸಿದರೆ ಮೂತ್ರನಾಳ ಹರಿದುಹೋಗಬಹುದು. ನಂತರದ 24ರಿಂದ 48 ಗಂಟೆ ಒಳರೋಗಿಯಾಗಿಯೇ ಇರಬೇಕು. ಇಲ್ಲಿ ಅನೇಕ ಕಡೆ ಸೇವೆ ಸಡಿಲವಾಗುತ್ತದೆ. ತಡೆ ಬಿಟ್ಟ ಮೇಲೆ ಕೆಲವು ಬೆಕ್ಕುಗಳಿಗೆ ಮೂತ್ರ ವಿಪರೀತ ಹೋಗುತ್ತದೆ, ಡ್ರಿಪ್ ಅದಕ್ಕೆ ಸರಿದೂಗಬೇಕು. ‘ಕೆಲವು ಗಂಟೆಗೊಮ್ಮೆ ಚೀಲದಲ್ಲಿ ಎಷ್ಟು ಎಂಎಲ್ ಬಂತು ಅಂತ ಬರೆದಿಡುತ್ತೀರಾ?’ ಎಂದು ಕೇಳಿ, ಆ ಚಾರ್ಟ್ ತೋರಿಸಿ ಅನ್ನಿ. ಚಾರ್ಟ್ ಇಲ್ಲದಿದ್ದರೆ ಬೆಕ್ಕಿನ ಮೇಲೆ ಯಾರ ಕಣ್ಣೂ ಇರಲಿಲ್ಲ ಎಂದೇ ಲೆಕ್ಕ. ಹತ್ತಿರದ ಕ್ಲಿನಿಕ್‌ನಲ್ಲಿ ಕ್ಯಾತಿಟರ್ ಹಾಕಲು ಆಗದಿದ್ದರೂ, ಹೊಟ್ಟೆಯ ಮೇಲಿಂದ ಸೂಜಿ ಹಾಕಿ ಸ್ವಲ್ಪ ಮೂತ್ರ ತೆಗೆದು ಒತ್ತಡ ಇಳಿಸಿ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಬರಿಗೈಯಲ್ಲಿ ವಾಪಸ್ ಕಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ಹಿಂಗಾಲು ಎಳೆದುಕೊಂಡು ಚೀರುವ ಬೆಕ್ಕು ಬಂದರೆ ‘ಎಲ್ಲಿಂದಾದರೂ ಬಿತ್ತಾ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಪಾರ್ಟ್‌ಮೆಂಟುಗಳ ಊರಿನಲ್ಲಿ ಆ ಪ್ರಶ್ನೆ ಸಹಜವೇ. ಬಾಲ್ಕನಿಯಿಂದ ಬಿದ್ದ ಬೆಕ್ಕಿಗೆ ಮೈಮೇಲೆ ಗಾಯವಿಲ್ಲದೆಯೂ ಎದೆಯೊಳಗೆ ಗಾಳಿ ತುಂಬಿರಬಹುದು. ಆದರೆ ಮನೆಯೊಳಗೇ ಇದ್ದದ್ದಕ್ಕೆ ಹೀಗಾಗಿದ್ದರೆ, ಹೃದಯದಲ್ಲಿ ಹುಟ್ಟಿದ ರಕ್ತದ ಹೆಪ್ಪು ಹಿಂಗಾಲಿನ ದೊಡ್ಡ ರಕ್ತನಾಳವನ್ನು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಪಾದ ಮುಟ್ಟಿ ನೋಡಿ: ತಣ್ಣಗಿರುತ್ತದೆ, ಪಾದದ ಮೆತ್ತೆ ಬಿಳಿಚಿರುತ್ತದೆ ಅಥವಾ ನೀಲಿಯಾಗಿರುತ್ತದೆ, ತೊಡೆಯಲ್ಲಿ ನಾಡಿ ಸಿಗುವುದಿಲ್ಲ. ತಿಳಿದ ಡಾಕ್ಟರ್ ಮುಂಗಾಲಿನ ರಕ್ತದ ಶುಗರ್ ಒಂದು ಸಲ, ಹಿಂಗಾಲಿನದು ಒಂದು ಸಲ ನೋಡುತ್ತಾರೆ. ಹಿಂಗಾಲಿನದು ಎದ್ದುಕಾಣುವಷ್ಟು ಕಡಿಮೆ ಇದ್ದರೆ ಅನುಮಾನ ಬಲವಾಗುತ್ತದೆ. ದುಬಾರಿ ಯಂತ್ರ ಬೇಡ, ಗ್ಲುಕೋಮೀಟರ್ ಸಾಕು. ಮೊದಲ ಚಿಕಿತ್ಸೆ ಬಲವಾದ ನೋವುನಿವಾರಕ, ಏಕೆಂದರೆ ಈ ನೋವು ಭಯಂಕರ. ಜೊತೆಗೆ ಇರುವ ಹೆಪ್ಪು ಬೆಳೆಯದಂತೆ ಹೆಪಾರಿನ್, ಮುಂದೆ ಹೆಪ್ಪು ತಡೆಯಲು ಕ್ಲೊಪಿಡೊಗ್ರೆಲ್, ಸಾಮಾನ್ಯವಾಗಿ 75 ಎಂಜಿ ಮಾತ್ರೆಯ ಕಾಲು ಭಾಗ. ಇಲ್ಲಿ ನಾವು ಮೆಚ್ಚುವುದು ಸತ್ಯ ಹೇಳುವ ಡಾಕ್ಟರನ್ನು. ಒಂದೇ ಕಾಲಿಗೆ ಆಗಿದ್ದು ಮೈ ಬೆಚ್ಚಗಿದ್ದರೆ ಆಸೆ ಇದೆ. ಎರಡೂ ಕಾಲು ಹೋಗಿ ಮೈ ತಣ್ಣಗಾಗಿದ್ದರೆ ಬಹಳ ಕಡಿಮೆ. ‘ನರದ ತೊಂದರೆ, ವಿಟಮಿನ್ ಇಂಜೆಕ್ಷನ್ ಕೊಟ್ಟಿದೀನಿ’ ಎಂದು ಮನೆಗೆ ಕಳಿಸುವುದು ಬೆಕ್ಕಿಗೂ ಅನ್ಯಾಯ, ಮನೆಯವರಿಗೂ ಅನ್ಯಾಯ.

ಕಾರಣವೇ ಗೊತ್ತಾಗದಿದ್ದಾಗ ವಿಷದ ಕಡೆ ಒಮ್ಮೆ ಯೋಚಿಸಿ. ಜ್ವರ ಇರಬೇಕು ಅಂದುಕೊಂಡು ಯಾರಾದರೂ ಡೋಲೋ ಅಥವಾ ಕ್ರೋಸಿನ್ ಚೂರು ತಿನ್ನಿಸಿದ್ದಾರಾ? ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು. ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಮನುಷ್ಯರ ಔಷಧಿಯಂಗಡಿಯಲ್ಲೇ ಸಿಗುತ್ತದೆ. ಕ್ಲಿನಿಕ್‌ನಲ್ಲಿ ಇಲ್ಲದಿದ್ದರೆ ಚೀಟಿ ಬರೆಸಿಕೊಂಡು ದೊಡ್ಡ ಆಸ್ಪತ್ರೆಯೊಂದರ ರಾತ್ರಿ ಮೆಡಿಕಲ್ ಸ್ಟೋರಿಗೆ ಓಡಬೇಕು. ಬೊಕೆಯಲ್ಲಿ ಬಂದ ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ. ಲಕ್ಷಣಕ್ಕೆ ಕಾಯದೆ ಡ್ರಿಪ್ ಶುರುವಾಗಬೇಕು. ನಾಯಿಯ ಉಣ್ಣೆ ಹುಳಕ್ಕೆ ಹಾಕುವ ಪರ್ಮೆತ್ರಿನ್ ಹನಿ ಬೆಕ್ಕಿಗೆ ಬಿದ್ದು ನಡುಕ ಬಂದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಹೊರಡಿ. ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತಾ ಕೂರದೆ ಮೊದಲು ಹೊರಡಿ. ಇಲಿ ಪಾಷಾಣದಲ್ಲಿ ಸತುವಿನ ಫಾಸ್ಫೈಡ್ ಇದ್ದರೆ ವಾಂತಿಯಿಂದ ವಿಷಾನಿಲ ಬರುತ್ತದೆ, ಕಾರಿನ ಕಿಟಕಿ ತೆರೆದಿರಲಿ. ಬಾಯಿಂದಲೋ ಹಿಂದಿನಿಂದಲೋ ಮಲ್ಲಿಗೆ ದಂಡೆಯ ದಾರ ಇಣುಕುತ್ತಿದ್ದರೆ ಎಳೆಯಲೇಬಾರದು, ಕರುಳು ಕೊಯ್ದುಹೋಗುತ್ತದೆ. ವಾಂತಿ ಮಾಡಿಸಲು ಉಪ್ಪುನೀರು, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಬೇಡ.

ಬಿಲ್ಲಿನ ವಿಷಯಕ್ಕೆ ಬರೋಣ. ರಾತ್ರಿ ಕನ್ಸಲ್ಟೇಶನ್‌ಗೆ ಹೆಚ್ಚು ದರ ಹಾಕುವುದರಲ್ಲಿ ತಪ್ಪಿಲ್ಲ. ತಕರಾರಿರುವುದು ಅಂದಾಜು ಹೇಳದೆ ಅಡ್ವಾನ್ಸ್ ಕಟ್ಟಿಸಿಕೊಳ್ಳುವುದರ ಬಗ್ಗೆ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಮತ್ತಿನ ಔಷಧಿ, ಕ್ಯಾತಿಟರ್, ವಾರ್ಡ್, ಎಕ್ಸ್‌ರೇ, ಕುತ್ತಿಗೆಗೆ ಹಾಕುವ ಕಾಲರ್ ಇವೆಲ್ಲ ಬೇರೆ ಬೇರೆಯೋ ಸೇರಿಯೋ ಕೇಳಿ. ‘ಇವತ್ತು ರಾತ್ರಿಯೇ ಆಗಬೇಕಾದ್ದು ಯಾವುದು, ನಾಳೆಗೆ ತಳ್ಳಬಹುದಾದ್ದು ಯಾವುದು?’ ಎಂದರೆ ಒಳ್ಳೆಯ ಡಾಕ್ಟರ್ ಬೇಸರಪಡುವುದಿಲ್ಲ. ರಾತ್ರಿಗೆ ಸಾಮಾನ್ಯವಾಗಿ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ), ಶುಗರ್, ಪೊಟ್ಯಾಸಿಯಂ, ಕ್ರಿಯೇಟಿನಿನ್ ಸಾಕು. ರಕ್ತ ಕೊಡಬೇಕಾಗಿ ಬಂದರೆ ಮಾತ್ರ ಗುಂಪು ನೋಡುವ ಖರ್ಚಿಗೆ ಹಿಂದೆಗೆಯಬೇಡಿ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಮೊದಲ ಸಲವೇ ಪ್ರಾಣಾಂತಕ.

ಜೇಬಿಗೆ ಭಾರವಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಲ್ಲಿ ಶುರುವಾದ ಕಾಲೇಜು, ಬಳ್ಳಾರಿ ರಸ್ತೆಯಲ್ಲೇ ಇದೆ. ಶುಲ್ಕ ಖಾಸಗಿಗಿಂತ ಎಷ್ಟೋ ಕಡಿಮೆ. ಮೆಡಿಸಿನ್, ಸರ್ಜರಿ ಎಂದು ವಿಭಾಗಗಳು ಪ್ರತ್ಯೇಕ. ಬೆಲೆಗೆ ತಕ್ಕುದಕ್ಕಿಂತ ಹೆಚ್ಚೇ ಸಿಗುವ ಜಾಗ ಅದು. ಆದರೆ ಅದು ಕಲಿಸುವ ಆಸ್ಪತ್ರೆ: ವಿದ್ಯಾರ್ಥಿಗಳು ನೋಡುತ್ತಾರೆ, ಮೇಷ್ಟ್ರು ಬಂದು ಮತ್ತೆ ನೋಡುತ್ತಾರೆ, ಹೊತ್ತಾಗುತ್ತದೆ. ಸಾಲಿನಲ್ಲಿ ನಾಯಿಗಳು ಬೊಗಳುತ್ತಿರುತ್ತವೆ. ಬಾಸ್ಕೆಟ್ಟಿಗೆ ಟವೆಲ್ ಹೊದಿಸಿ, ನೆಲಕ್ಕಿಡದೆ ತೊಡೆಯ ಮೇಲಿಟ್ಟುಕೊಳ್ಳಿ. ಹಗಲಿನ ಚಿಕಿತ್ಸೆಗೆ, ಮರುತಪಾಸಣೆಗೆ ಧಾರಾಳವಾಗಿ ಹೋಗಿ. ಉಸಿರು ಕಟ್ಟಿದ ಬೆಕ್ಕನ್ನು ಊರಾಚೆಯಿಂದ ಅಲ್ಲಿಯವರೆಗೆ ಒಯ್ಯಬೇಡಿ.

ಬಾಸ್ಕೆಟ್ ಅಂದಮೇಲೆ ಅದಕ್ಕೂ ಒಂದು ಮಾತು. ಗಾಜಿನ ಗುಳ್ಳೆಯಂಥ ಕಿಟಕಿಯ ಬ್ಯಾಕ್‌ಪ್ಯಾಕ್‌ಗಳು ನೋಡಲು ಚೆಂದ, ತುರ್ತಿಗೆ ದಂಡ. ಗಾಳಿ ಸಾಲದು, ಒಳಗಿಂದ ಬೆಕ್ಕನ್ನು ಎಳೆದೇ ತೆಗೆಯಬೇಕು. ಮೇಲಿನ ಅರ್ಧ ಕಳಚಿ ಬರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೇ ಸರಿ, ಬೆಕ್ಕು ಕೆಳಗಿನ ಅರ್ಧದಲ್ಲಿ ಕೂತಿರುವಂತೆಯೇ ಡಾಕ್ಟರ್ ನೋಡಬಹುದು. ಕ್ಯಾಬ್‌ನವರು ಒಲ್ಲೆ ಅಂದಾಗಲೂ ಮುಚ್ಚಿದ ಪೆಟ್ಟಿಗೆ ಕಂಡರೆ ಆಟೋದವರು ಹತ್ತಿಸಿಕೊಳ್ಳುವುದುಂಟು. ಹೊರಡುವಾಗ ಉಸಿರಾಟದ್ದೋ ನಡುಕದ್ದೋ ಅರ್ಧ ನಿಮಿಷದ ವಿಡಿಯೋ ತೆಗೆದುಕೊಳ್ಳಿ. ಅನುಮಾನ ಬಂದ ಮಾತ್ರೆಯ ಸ್ಟ್ರಿಪ್, ಗಿಡದ ಎಲೆ, ಬೆಕ್ಕಿನ ಕೊನೆಯ ತೂಕ ಬರೆದ ಲಸಿಕೆ ಪುಸ್ತಕ ಜೊತೆಗಿರಲಿ.

ಡಿಸ್ಚಾರ್ಜ್ ಸಮ್ಮರಿ ಇಲ್ಲದೆ ಬೆಕ್ಕನ್ನು ಮನೆಗೆ ತರಬೇಡಿ. ಏನೇನು ಔಷಧಿ, ಎಷ್ಟು ಎಂಜಿ, ಯಾವ ಹೊತ್ತಿಗೆ ಕೊಟ್ಟರು, ರಕ್ತಪರೀಕ್ಷೆಯ ಅಂಕಿಗಳೇನು ಎಂದು ಅದರಲ್ಲಿರಬೇಕು; ಬೆಳಿಗ್ಗೆ ನಿಮ್ಮ ಮಾಮೂಲಿ ಡಾಕ್ಟರಿಗೆ ಬೇಕಾಗುವುದು ಅದೇ. ಮೂತ್ರ ಕಟ್ಟಿದ್ದ ಬೆಕ್ಕಾದರೆ ಮೊದಲ ವಾರದಲ್ಲೇ ಮತ್ತೆ ಕಟ್ಟುವುದು ಸಾಮಾನ್ಯ. ದಿನಕ್ಕೆ ಎಷ್ಟು ಉಂಡೆ, ಯಾವ ಗಾತ್ರ ಎಂದು ಗುರುತು ಹಾಕಿಕೊಳ್ಳಿ, ಒದ್ದೆ ಆಹಾರ ಹೆಚ್ಚಿಸಿ. ಅರ್ಧ ದಿನ ಟ್ರೇ ಒಣಗಿದ್ದು ಬೆಕ್ಕು ತಿಣುಕುತ್ತಿದ್ದರೆ ಫೋನ್ ಮಾಡಿ ಕೇಳುತ್ತಾ ಕೂರದೆ ಹೊರಡಿ.