ಸಿಟ್ಜಸ್: ಬಾರ್ಸಿಲೋನಾದಿಂದ ಹೋಗಿಬರೋದಾ, ಅಲ್ಲೇ ಉಳಿಯೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಪೇನಿನ ಕಡಲತೀರದ ಊರಾದ ಸಿಟ್ಜಸ್‌ನಲ್ಲೇ ಉಳಿಯುವುದಕ್ಕೆ. ಮೂರು ರಾತ್ರಿ ಬಾರ್ಸಿಲೋನಾದಲ್ಲಿ ರೂಮು ಹಿಡಿದು ದಿನಾ ರೈಲಲ್ಲಿ ಓಡಾಡಿ, ಸುಸ್ತಾಗಿ, ಆಮೇಲೆ ಎರಡು ರಾತ್ರಿ ಸಿಟ್ಜಸ್‌ನಲ್ಲಿದ್ದು ಹೇಳುತ್ತಿರುವ ಮಾತು.

ಹೋದದ್ದು ನಾನು ಮತ್ತು ನಮ್ಮವನು. ಅಜ್ಜಿ ಅಜ್ಜನನ್ನು 'ನಮ್ಮವರು' ಅನ್ನುತ್ತಿದ್ದಳಲ್ಲ, ಹಾಗೆ. ನಾನು ಕುಮಟಾ ಕಡೆಯವನು, ಮೀನಿಲ್ಲದಿದ್ದರೆ ಊಟ ಇಳಿಯುವುದಿಲ್ಲ. ಅವನು ಶಿರಸಿಯವನು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇದು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಿಟ್ಜಸ್ ಇರುವುದು ಬಾರ್ಸಿಲೋನಾದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ. ಮುಂದೆ ಸಮುದ್ರ, ಬೆನ್ನಿಗೆ ಪೆನೆದೆಸ್‌ನ ದ್ರಾಕ್ಷಿ ಸೀಮೆ. ಗೇ ಜನ ದಶಕಗಳಿಂದ ಬರುತ್ತಿರುವ ಊರು. ಬಾರ್ಸಿಲೋನಾದ ರೂಮು ಒಂದು ರಾತ್ರಿಗೆ 35 ಯೂರೋ ಅಗ್ಗ ಇತ್ತು, ರೈಲು ನಲವತ್ತು ನಿಮಿಷ, ಟಿಕೆಟು 5 ಯೂರೋ ಆಸುಪಾಸು. ಲೆಕ್ಕ ಸರಿಯಾಗಿದೆ ಅಂದುಕೊಂಡೆವು.

ಲೆಕ್ಕ ತಪ್ಪಿದ್ದು ರಾತ್ರಿ ಊಟದಲ್ಲಿ. ಅಲ್ಲಿ ಹೋಟೆಲ್‌ಗಳ ಅಡುಗೆಮನೆ ರಾತ್ರಿಗೆ ತೆರೆಯುವುದೇ ಎಂಟೂವರೆಗೆ. ನಮ್ಮ ಕೊನೆ ರೈಲು ಹತ್ತೂವರೆ ಸುಮಾರಿಗೆ. ಎರಡು ಗಂಟೆ ಸಾಕಲ್ವಾ ಅಂತೀರಿ. ಅಲ್ಲಿಯ ಅನ್ನದ ಅಡುಗೆ, ನಾವು ಪಾಯೆಯಾ ಅನ್ನುತ್ತೇವಲ್ಲ, ಅದು ಆರ್ಡರ್ ಕೊಟ್ಟ ಮೇಲೆ ಮಾಡುವುದು. ಇಪ್ಪತ್ತೈದು ನಿಮಿಷ ಅಂತ ಹೇಳಿ ಮುಕ್ಕಾಲು ಗಂಟೆ ಕಾಯಿಸಿದರು. ಸುತ್ತ ಇರುವವರೆಲ್ಲ ಇನ್ನೂ ಆಲಿವ್ ಮೆಲ್ಲುತ್ತಾ ಹರಟುತ್ತಿದ್ದರೆ ನಾವಿಬ್ಬರೇ ಬಸ್ ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ತಿನ್ನುವವರ ಹಾಗೆ ಗಬಗಬ ತಿಂದು ಎದ್ದೆವು.

ಎರಡನೇ ದಿನ ಇನ್ನೂ ಚೆನ್ನಾಗಿತ್ತು. ಪ್ಲಾಸಾ ದೆ ಲಾ ಇಂದುಸ್ತ್ರಿಯಾ ಅಂತ ಒಂದು ಪುಟ್ಟ ಚೌಕ, ಅಲ್ಲಿ ಪ್ಯಾರಟ್ಸ್ ಅನ್ನೋ ಬಾರಿನ ಹೊರಗೆ ಸಾಲಾಗಿ ಕುರ್ಚಿ. ಕೂತರೆ ಇಡೀ ಊರು ಮುಂದೆ ಹಾದುಹೋಗುತ್ತದೆ. ಹತ್ತು ಗಂಟೆಗೆ ಬಿಲ್ ಕೇಳಿದೆವು. ಅಷ್ಟರಲ್ಲಿ ಆರಡಿ ಎತ್ತರದ ಒಬ್ಬ ಡ್ರ್ಯಾಗ್ ಕಲಾವಿದೆ, ಅಂದರೆ ಆಡಂಬರದ ಹೆಣ್ಣುವೇಷ ಕಟ್ಟಿ ರಂಜಿಸುವವಳು, ನೀಲಿ ಜರಿಯ ಗೌನು, ಮಲ್ಲಿಗೆ ದಂಡೆಯಷ್ಟು ದಪ್ಪದ ರೆಪ್ಪೆ, ಚೌಕಕ್ಕೆ ಬಂದು ಒಬ್ಬೊಬ್ಬರ ಕೆನ್ನೆ ಚಿವುಟುತ್ತಾ ಮಾತಾಡಿಸತೊಡಗಿದಳು. ನಮ್ಮವನು "ಇನ್ನೊಂದೈದು ನಿಮಿಷ ಮಾರಾಯ" ಅಂದ. ಆ ಐದು ನಿಮಿಷಕ್ಕೆ ರೈಲು ಹೋಯಿತು. ಟ್ಯಾಕ್ಸಿಯವನು 80 ಯೂರೋ ಅಂದ. ರಾತ್ರಿ ಬಸ್ಸಿಗೆ ಒಂದು ಗಂಟೆ ಕಾದು, ಚಪ್ಪಲಿ ಕೈಯಲ್ಲಿ ಹಿಡಿದು ರೂಮು ಸೇರಿದಾಗ ಎರಡು ಗಂಟೆ. ಮರುದಿನ ಸಂಜೆ ಹೋಗಲೇ ಇಲ್ಲ. ಬ್ರೆಡ್ಡಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಸವರಿಕೊಂಡು ತಿಂದು ಮಲಗಿದೆವು.

ಅಸಲಿಗೆ ಊರು ಏಳುವುದೇ ರಾತ್ರಿ ಹನ್ನೊಂದರ ಮೇಲೆ. ಪ್ರಿಮೆರ್ ದೆ ಮಾಯ್ಗ್ ಅನ್ನೋ ಬೀದಿಗೆ 'ಪಾಪದ ಬೀದಿ' ಅಂತಲೇ ಅಡ್ಡಹೆಸರು. ಹತ್ತಕ್ಕೆ ನೋಡಿದರೆ ಯಾವ ಪಾಪವೂ ಕಾಣಿಸುವುದಿಲ್ಲ, ಕುರ್ಚಿ ಒರೆಸುತ್ತಿರುತ್ತಾರೆ.

ಬಾರ್ಸಿಲೋನಾಕ್ಕೂ ನ್ಯಾಯ ಸಲ್ಲಬೇಕು. ಎಶಾಂಪ್ಲ ಬಡಾವಣೆಯಲ್ಲಿ ಬಾಲ್ಮೆಸ್ ರಸ್ತೆಯಿಂದ ಆಚೆ ಗೇ ಬಾರುಗಳು ಎಷ್ಟಿವೆ ಅಂದರೆ ಆ ಭಾಗವನ್ನು 'ಗೇಶಾಂಪ್ಲ' ಅಂತಲೇ ಕರೆಯುತ್ತಾರೆ. ಶನಿವಾರ ಮೆಟ್ರೋ ರಾತ್ರಿಯಿಡೀ ಓಡುತ್ತದೆ. ಬೆಳಗಿನ ತನಕ ಕುಣಿಯುವವರಿಗೆ ಅದೇ ಸರಿ. ನಮಗೆ ಒಂದು ಗಂಟೆಗೆ ಆಕಳಿಕೆ ಬರುತ್ತದೆ, ಏನು ಮಾಡೋದು.

ಸಸ್ಯಾಹಾರಕ್ಕೂ ಬಾರ್ಸಿಲೋನಾನೇ ಮೇಲು, ಸುಳ್ಳು ಹೇಳಲ್ಲ. ಸಿಟ್ಜಸ್‌ನಲ್ಲಿ "ಮಾಂಸ ಬೇಡ" ಅಂದರೆ ಟ್ಯೂನಾ ಬರುತ್ತದೆ. "ಸೆನ್ಸ ಕಾರ್ನ್, ಸೆನ್ಸ ಪೆಶ್" ಅಂತ ಎರಡನ್ನೂ, ಅಂದರೆ ಮಾಂಸವೂ ಬೇಡ ಮೀನೂ ಬೇಡ ಅಂತ, ಬಾಯಿಪಾಠ ಮಾಡಿಕೊಳ್ಳಿ. ಪಾಯೆಯಾ ತುಂಬ ಕಡೆ ಇಬ್ಬರಿಗೆ ಸೇರಿಸಿಯೇ ಕೊಡುತ್ತಾರೆ, ಒಬ್ಬರಿಗೆ ಅಂತ ಮಾಡಲ್ಲ. ಹಾಗಾಗಿ ಸಮುದ್ರದ ಪಕ್ಕ ಕೂತು ನಾನು ತರಕಾರಿ ಅನ್ನ ತಿಂದೆ. ಸಂಸಾರ ಅಂದರೆ ಇದೇ ಇರಬೇಕು. ಅವನಿಗೆ ಹಿಡಿಸಿದ್ದು ಎಸ್ಕಲಿವಾದಾ: ಕೆಂಡದಲ್ಲಿ ಸುಟ್ಟ ಬದನೆಕಾಯಿ, ದಪ್ಪ ಮೆಣಸಿನಕಾಯಿ, ಮೇಲೆ ಆಲಿವ್ ಎಣ್ಣೆ. "ಹಸಿಮೆಣಸು, ಹುಳಿ ಇದ್ದಿದ್ದರೆ ಆಯಿಯ ಸುಟ್ಟ ಬದನೆ ಗೊಜ್ಜೇ" ಅಂದ. ಅದರ ಮೇಲೂ ಕೆಲವರು ಆಂಚೊವಿ ಮೀನು ಇಡುತ್ತಾರೆ, ಮೊದಲೇ ಕೇಳಿ. ನನಗೆ ಸಿಕ್ಕಿದ್ದು ಶಾತೋ. ಕಹಿ ಸೊಪ್ಪು, ಉಪ್ಪು ಹಾಕಿದ ಕಾಡ್ ಮೀನು, ಟ್ಯೂನಾ, ಆಂಚೊವಿ, ಮೇಲೆ ಬಾದಾಮಿ, ಬೆಳ್ಳುಳ್ಳಿ, ಒಣಮೆಣಸು ಅರೆದ ಚಟ್ನಿಯಂಥದ್ದು. ಉಪ್ಪುಮೀನು ತಿಂದು ಬೆಳೆದವರಿಗೆ ಹೊಸದೇನಲ್ಲ, ಆದರೆ ತಟ್ಟೆ ಖಾಲಿಯಾಗುತ್ತದೆ.

ವೈನ್ ವಿಷಯಕ್ಕೆ ಬಂದರೆ ಒಂದೇ ಹೆಸರು, ಸಿಟ್ಜಸ್‌ನ ಮಾಲ್ವಾಸಿಯಾ. ಇದನ್ನು ಮಾಡುವುದು ಊರಿನ ಆಸ್ಪತ್ರೆ! ಲ್ಯೋಪಿಸ್ ಅನ್ನೋ ರಾಜತಾಂತ್ರಿಕರು ತಮ್ಮ ದ್ರಾಕ್ಷಿ ತೋಟವನ್ನು ಸಂತ ಜೊವಾನ್ ಆಸ್ಪತ್ರೆಗೆ ಬರೆದುಕೊಟ್ಟು ಹೋದರು, ಅದು ಇವತ್ತಿಗೂ ನಡೆಯುತ್ತಿದೆ. ಸಿಹಿ ವೈನು ಜೋನಿಬೆಲ್ಲದ ಬಣ್ಣ, ಒಣದ್ರಾಕ್ಷಿ ವಾಸನೆ. ಪುಟ್ಟ ಗ್ಲಾಸು ಸಾಕು.

ಬೀಚು: ಊರ ನಡುವಿನ ಬಾಸಾ ರೊದೋನಾ. ಮರಳು ಸಾಮಾನ್ಯ, ಜನ ಚೆಂದ.

ಇನ್ನು ರೂಮು. ಬಾರ್ಸಿಲೋನಾದ ಹೋಟೆಲ್‌ನಲ್ಲಿ ಡಬಲ್ ಬೆಡ್ ಬುಕ್ ಮಾಡಿದ್ದರೂ ಇಬ್ಬರು ಗಂಡಸರನ್ನು ನೋಡಿ ಎರಡು ಸಿಂಗಲ್ ಮಂಚದ ರೂಮು ಕೊಟ್ಟರು. ನಾವೂ ಸುಮ್ನೆ ಕೀ ತಗೊಂಡೆವು. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಬಿದ್ದಿದ್ದು 2018ರಲ್ಲಿ, ಆದರೂ ಊರ ಕಡೆ ಲಾಡ್ಜ್‌ನಲ್ಲಿ ಇವತ್ತಿಗೂ "ಎರಡು ಬೆಡ್ ಇರಲಿ" ಅಂತ ನಾವೇ ಮೊದಲು ಹೇಳುವುದು. ಅಭ್ಯಾಸ ಬಿಡಲ್ಲ. ಮಂಚ ಜೋಡಿಸಿ ಮಲಗಿದರೆ ನಡುವಿನ ಸಂದಿಗೆ ಮೊದಲ ರಾತ್ರಿಯೇ ನನ್ನ ಮೊಣಕೈ ಇಳಿಯಿತು. ಸಿಟ್ಜಸ್‌ನ ಮನೆಯಾಕೆ ಪಾಸ್‌ಪೋರ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ, ಬೆಳಿಗ್ಗೆ ಕಾಫಿ ಎಷ್ಟು ಗಂಟೆಗೆ ಅಂತ. ಇಬ್ಬರು ಗಂಡಸರು 2005ರಿಂದ ಮದುವೆಯಾಗುತ್ತಿರುವ ದೇಶ, ಅವಳಿಗೆ ಅದರಲ್ಲಿ ಏನು ವಿಶೇಷ.

ಒಟ್ಟು ಖರ್ಚು? ರೈಲು, ರಾತ್ರಿ ಬಸ್ಸು, ಅರ್ಧಕ್ಕೆ ಬಿಟ್ಟೆದ್ದ ಊಟ ಎಲ್ಲ ಸೇರಿಸಿದರೆ ರಾತ್ರಿಗೆ ಉಳಿಸಿದ 35 ಯೂರೋದಲ್ಲಿ ಕೈಗೆ ಬಂದದ್ದು ಚಿಲ್ಲರೆ. ನಾವು ಹೋದದ್ದು ಮೇ ತಿಂಗಳಲ್ಲಿ. ಫೆಬ್ರವರಿ ಆಸುಪಾಸಿನ ಕಾರ್ನಿವಲ್, ಜೂನ್‌ನ ಪ್ರೈಡ್, ಸೆಪ್ಟೆಂಬರ್‌ನ ಬೇರ್ಸ್ ವೀಕ್ (ಮೈತುಂಬ ರೋಮದ, ದಪ್ಪ ಮೈಯ ಗೇ ಗಂಡಸರ ಹಬ್ಬ) ಹೊತ್ತಿಗೆ ಇದೇ ರೂಮು ನಮ್ಮ ಜೇಬಿಗೆ ಎಟುಕಲ್ಲ. ಆಗ ಹೋಗುವುದಿದ್ದರೆ ಬಾರ್ಸಿಲೋನಾದಲ್ಲೇ ಉಳಿದು, ಮಧ್ಯಾಹ್ನದ ಊಟಕ್ಕೆ ಸಿಟ್ಜಸ್‌ಗೆ ಹೋಗಿಬನ್ನಿ. ರೈಲಲ್ಲಿ ಹೋಗುವಾಗ ಎಡಗಡೆ ಕೂರಿ, ಗರಾಫ್ ಹತ್ತಿರ ಸುರಂಗದಿಂದ ಹೊರಬಂದ ಕೂಡಲೇ ಸಮುದ್ರ ಕಿಟಕಿಗೇ ಬರುತ್ತದೆ.