ಕಾರಿಲ್ಲದೆ ಪ್ರೊವಾನ್ಸ್: ಅವಿನ್ಯೋನ್‌ನಿಂದ ಹೊರಡುವ ಟಿಇಆರ್ ರೈಲು ಮತ್ತು ಹಳ್ಳಿ ಬಸ್ಸುಗಳ ವಿಮರ್ಶೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕಡೆಗೆ ಐದು ದಿನಕ್ಕೆಂದು ಹೊರಟವರು ದಿನಕ್ಕೊಂದು ಊರು, ರಾತ್ರಿಗೊಂದು ಹೋಟೆಲ್ ಎಂದು ಪಟ್ಟಿ ಹಾಕಿಕೊಂಡರೆ ಕೆಟ್ಟರು. ಬೆಳಿಗ್ಗೆ ಹನ್ನೊಂದಕ್ಕೆ ಕೋಣೆ ಖಾಲಿ ಮಾಡಬೇಕು, ಮುಂದಿನ ಊರಿನಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ. ನಡುವಿನ ಹೊತ್ತೆಲ್ಲ ಸೂಟ್‌ಕೇಸ್ ಕಾಯುವುದಕ್ಕೇ ಹೋಗುತ್ತದೆ. ಅದರ ಬದಲು ಅವಿನ್ಯೋನ್‌ನಲ್ಲಿ ಒಂದೇ ಕೋಣೆ ಹಿಡಿದು ದಿನವೂ ಹೋಗಿ ಬರುವುದು ಲೇಸು. ಆರ್ಲ್ ರೈಲಿನಲ್ಲಿ ಇಪ್ಪತ್ತು ನಿಮಿಷ, ಒರಾಂಜ್ ಕೂಡ ಅಷ್ಟೇ, ಲಿಲ್ ಸುರ್ ಲಾ ಸೋರ್ಗ್ ಅರ್ಧ ಗಂಟೆ, ನೀಮ್ ಅರ್ಧದಿಂದ ಮುಕ್ಕಾಲು ಗಂಟೆ. ಬೆಂಗಳೂರಿನಲ್ಲಿ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಪ್ರತಿ ರಾತ್ರಿಯ ವಸತಿಗೂ ದಾಖಲೆ ಕೊಡಬೇಕಾದ್ದರಿಂದ, ಒಂದೇ ಹೋಟೆಲಿನ ಚೀಟಿ ಇದ್ದರೆ ಆ ತಲೆನೋವೂ ಕಡಿಮೆ.

ಈ ಓಡಾಟಕ್ಕೆ ನಂಬಬೇಕಾದ್ದು ಪ್ರಾದೇಶಿಕ ರೈಲು ಟಿಇಆರ್ ಮತ್ತು ಪ್ರಾದೇಶಿಕ ಬಸ್ಸುಗಳನ್ನು. ಅಂಕ ಹಾಕುವುದಾದರೆ ರೈಲಿಗೆ ಹತ್ತಕ್ಕೆ ಎಂಟು, ಬಸ್ಸಿಗೆ ಐದು. ಬಸ್ಸು ಕೊಳಕೆಂದೋ ತಡವೆಂದೋ ಅಲ್ಲ. ಬಸ್ಸುಗಳು ಚೆನ್ನಾಗಿವೆ, ಎ.ಸಿ. ಇದೆ, ದರವೂ ಕಡಿಮೆ. ಆದರೆ ಅವು ಓಡುವುದು ಅಲ್ಲಿನ ಶಾಲೆ ಮಕ್ಕಳಿಗಾಗಿ, ಕೆಲಸಕ್ಕೆ ಹೋಗುವವರಿಗಾಗಿ. ಪ್ರವಾಸಿಗೆ ಬೇಕಾದ ಭಾನುವಾರದ ಬಸ್ಸು, ಸಂಜೆ ಏಳರ ಬಸ್ಸು ಬಹಳ ಕಡೆ ಇಲ್ಲವೇ ಇಲ್ಲ.

ಮೊದಲು ಅವಿನ್ಯೋನ್‌ನ ಎರಡು ಸ್ಟೇಷನ್‌ಗಳ ವಿಚಾರ. ಪ್ಯಾರಿಸ್‌ನ ಗಾರ್ ದ ಲಿಯೋಂನಿಂದ ಎರಡೂ ಮುಕ್ಕಾಲು ಗಂಟೆಯೊಳಗೆ ತಂದು ಬಿಡುವ ಅತಿವೇಗದ ಟಿಜಿವಿ ರೈಲು ನಿಲ್ಲುವುದು ಊರ ಹೊರಗಿನ ಅವಿನ್ಯೋನ್ ಟಿಜಿವಿ ನಿಲ್ದಾಣದಲ್ಲಿ. ದಿನದ ಓಡಾಟದ ರೈಲುಗಳು ಹೊರಡುವುದು ಕೋಟೆ ಗೋಡೆಯ ಎದುರಿಗಿರುವ ಅವಿನ್ಯೋನ್ ಸೆಂತ್ರ್‌ನಿಂದ. ಎರಡರ ನಡುವೆ 2013ರ ಡಿಸೆಂಬರಿನಿಂದ ಟಿಇಆರ್ ಸಂಪರ್ಕವಿದೆ, ಐದಾರು ನಿಮಿಷದ ಹಾದಿ. ಟಿಜಿವಿ ಬುಕ್ ಮಾಡುವಾಗಲೇ ಕೊನೆಯ ನಿಲ್ದಾಣ 'ಅವಿನ್ಯೋನ್ ಸೆಂತ್ರ್' ಎಂದು ಕೊಟ್ಟರೆ ಈ ತುಣುಕೂ ಅದೇ ಟಿಕೆಟ್‌ನಲ್ಲಿ ಬರುತ್ತದೆ. ಕೋಣೆಯನ್ನು ಟಿಜಿವಿ ನಿಲ್ದಾಣದ ಹತ್ತಿರ ಹಿಡಿಯಬೇಡಿ. ಅಗ್ಗವೇನೋ ಹೌದು, ಸಂಜೆ ಊಟಕ್ಕೂ ರೈಲೇ ಹತ್ತಬೇಕಾಗುತ್ತದೆ. ಗೋಡೆಯ ಒಳಗೆ, ರ್‍ಯೂ ದ ಲಾ ರೆಪ್ಯುಬ್ಲಿಕ್ ರಸ್ತೆಯ ದಕ್ಷಿಣದ ತುದಿಗೆ ಹತ್ತಿರವಿದ್ದರೆ ರೈಲಿಗೂ ಬಸ್ಸಿಗೂ ನಡೆದೇ ಹೋಗಬಹುದು. ಬಸ್ ನಿಲ್ದಾಣ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ.

ಎರಡನೆಯ ಗೊಂದಲ ರೋನ್ ನದಿಯದು. ಅವಿನ್ಯೋನ್ ಇರುವುದು ಪೂರ್ವ ದಡದಲ್ಲಿ, ಪ್ರೊವಾನ್ಸ್-ಆಲ್ಪ್ಸ್-ಕೋಟ್ ದಾಜೂರ್ ಪ್ರಾಂತ್ಯದಲ್ಲಿ. ಸೇತುವೆ ದಾಟಿದರೆ ಆಚೆ ಒಕ್ಸಿತಾನಿ. ಈಚೆ ದಡದ ಬಸ್ಸು-ರೈಲುಗಳ ಮೇಲೆ 'ಜೂ' ಎಂಬ ಹೆಸರಿದ್ದರೆ ಆಚೆಯವುಗಳ ಮೇಲೆ 'ಲಿಯೋ'. ನಮ್ಮಲ್ಲಿ ಗಡಿ ದಾಟಿದ ಕೂಡಲೇ ಕೆಎಸ್‌ಆರ್‌ಟಿಸಿಯ ಪಾಸು ನಡೆಯದಲ್ಲ, ಇದೂ ಹಾಗೇ. ನೀಮ್ ಮತ್ತು ಪೊಂ ದು ಗಾರ್ ಎಂಬ ರೋಮನ್ ಸೇತುವೆ ಲಿಯೋ ಕಡೆಯವು; ಆರ್ಲ್, ಒರಾಂಜ್, ಲಿಲ್ ಸುರ್ ಲಾ ಸೋರ್ಗ್ ಜೂ ಕಡೆಯವು. ರೈಲಿಗೆ ಇದರಿಂದ ತೊಂದರೆಯಿಲ್ಲ, ಫ್ರೆಂಚ್ ರೈಲ್ವೆಯ ಎಸ್‌ಎನ್‌ಸಿಎಫ್ ಕನೆಕ್ಟ್ ಆ್ಯಪ್‌ನಲ್ಲಿ ಎರಡೂ ಕಡೆಯ ಟಿಕೆಟ್ ಸಿಗುತ್ತದೆ. ಬಸ್ಸಿನ ವೇಳಾಪಟ್ಟಿಯನ್ನು ಮಾತ್ರ ಆಯಾ ಸಂಸ್ಥೆಯ ತಾಣದಲ್ಲೇ ನೋಡಬೇಕು. ಗೂಗಲ್ ನಕ್ಷೆ ತೋರಿಸುವ ಬಸ್ಸಿನ ಸಮಯವನ್ನು ನಂಬಿ ಹೊರಡುವ ಮುನ್ನ ಒಮ್ಮೆ ತಾಳೆ ನೋಡಿ.

ಆ ವೇಳಾಪಟ್ಟಿ ಓದುವುದೂ ಒಂದು ವಿದ್ಯೆ. ನಾಲ್ಕು ಫ್ರೆಂಚ್ ಮಾತು ಗೊತ್ತಿದ್ದರೆ ಸಾಕು. 'ಪೆರಿಯೋದ್ ಸ್ಕೊಲೇರ್' ಎಂದರೆ ಶಾಲೆ ನಡೆಯುವ ದಿನಗಳು, 'ವಕಾನ್ಸ್ ಸ್ಕೊಲೇರ್' ಎಂದರೆ ಶಾಲೆಗೆ ರಜೆ, 'ಜೂರ್ ಫೆರಿಯೆ' ಎಂದರೆ ಸರ್ಕಾರಿ ರಜೆ, 'ಸೋಫ್' ಎಂದರೆ 'ಹೊರತು'. ಒಂದೇ ಮಾರ್ಗದ ಪಟ್ಟಿಯಲ್ಲಿ ಎಂಟು ಬಸ್ಸು ಕಂಡರೂ ಅದರಲ್ಲಿ ಅರ್ಧ ಶಾಲೆಯ ದಿನಗಳಿಗೆ ಮೀಸಲು. ನಮ್ಮವರು ಹೆಚ್ಚಾಗಿ ಹೋಗುವುದು ಜುಲೈ-ಆಗಸ್ಟಿನಲ್ಲಿ. ಆಗ ಅಲ್ಲಿ ಶಾಲೆಗೆ ಬೇಸಿಗೆ ರಜೆ, ಅಷ್ಟೂ ಬಸ್ಸು ಮಾಯ. ಇನ್ನು ಮೇ 1ರಂದು ಬಸ್ಸನ್ನು ನೆಚ್ಚಿಕೊಂಡು ಯಾವ ಯೋಜನೆಯನ್ನೂ ಹಾಕಬೇಡಿ.

ಟಿಕೆಟ್ ವಿಚಾರದಲ್ಲಿ ಟಿಇಆರ್‌ಗೆ ಪೂರ್ತಿ ಅಂಕ. ಸೀಟು ಕಾಯ್ದಿರಿಸುವುದಿಲ್ಲ, ತಿಂಗಳ ಮುಂಚೆ ಕೊಂಡರೆ ಅಗ್ಗ ಎಂಬುದೂ ಇಲ್ಲ. ಹೊರಡುವ ಹತ್ತು ನಿಮಿಷ ಮುಂಚೆ ಕೊಂಡರೂ ಸರಿ. ಆರ್ಲ್‌ಗೆ ಒಂದು ಕಡೆಗೆ ಹತ್ತು ಯೂರೋ ಆಸುಪಾಸು. ಆರಿಸಿದ ದಿನ ಆ ಮಾರ್ಗದ ಯಾವ ಟಿಇಆರ್ ಹತ್ತಿದರೂ ನಡೆಯುತ್ತದೆ, ಟಿಜಿವಿ ಮಾತ್ರ ಹತ್ತುವಂತಿಲ್ಲ. ಟಿಕೆಟಿಲ್ಲದೆ ಏರಿ ಒಳಗೆ ಕೊಳ್ಳೋಣವೆಂದರೆ ದುಬಾರಿ ದರ, ತಾವಾಗಿ ಹೇಳದೆ ತಪಾಸಣೆಯವರ ಕೈಗೆ ಸಿಕ್ಕಿಬಿದ್ದರೆ ದಂಡ. ಭಾರತದ ಕಾರ್ಡ್ ಬಳಸುವವರು ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರವನ್ನು ತೆರೆದಿಡಬೇಕು. ಜೊತೆಗೆ ಆನ್‌ಲೈನ್ ಪಾವತಿಯ ಒಟಿಪಿ ಬರುವುದು ಭಾರತದ ನಂಬರಿಗೆ. ಅಲ್ಲಿಯ ಸಿಮ್ ಹಾಕಿ ಹಳೆಯದನ್ನು ತೆಗೆದಿಟ್ಟರೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಟಿಕೆಟ್ ಕೊಳ್ಳಲಾಗದೆ ಒದ್ದಾಡಬೇಕಾದೀತು. ಎರಡು ಸಿಮ್ ಹಿಡಿಯುವ ಫೋನು ಇರಲಿ, ಇಲ್ಲವೇ ನಿಲ್ದಾಣದ ಯಂತ್ರದಲ್ಲಿ ಪಿನ್ ಒತ್ತಿ ಕೊಳ್ಳಿ. ಬಸ್ಸಿನಲ್ಲಿ ಚಾಲಕನೇ ಟಿಕೆಟ್ ಕೊಡುತ್ತಾನೆ. ಸಣ್ಣ ನೋಟು, ಚಿಲ್ಲರೆ ಇಟ್ಟುಕೊಳ್ಳಿ. ಹಳ್ಳಿ ನಿಲ್ದಾಣಗಳೆಲ್ಲ ನಮ್ಮ ಕೋರಿಕೆ ನಿಲುಗಡೆ ಇದ್ದ ಹಾಗೆ, ಕೈ ಚಾಚದಿದ್ದರೆ ಬಸ್ಸು ಮುಂದೆ ಹೋಗಿಬಿಡುತ್ತದೆ.

ಇನ್ನು ಊರುಗಳು. ಯಾವ ದಿನ ಯಾವ ಊರು ಎಂಬುದನ್ನು ಇಲ್ಲಿ ವಾರ ನೋಡಿಯೇ ಗೊತ್ತು ಮಾಡಬೇಕು.

ಶನಿವಾರ ಆರ್ಲ್‌ಗೆ. ಅಂದು ಬುಲ್ವಾರ್ ದೆ ಲಿಸ್ ಉದ್ದಕ್ಕೂ ಸಂತೆ. ಆಲಿವ್, ಕ್ಯಾಮಾರ್ಗ್‌ನ ಅಕ್ಕಿ, ಮೇಕೆ ಹಾಲಿನ ಚೀಸು, ಸೋಪು ಎಲ್ಲವೂ ಸಿಗುತ್ತವೆ. ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಡಿ ಎತ್ತಲು ಶುರು. ಆದ್ದರಿಂದ ಸಂತೆ ಮೊದಲು, ರೋಮನ್ ರಂಗಮಂಟಪ ಆಮೇಲೆ. ವಾನ್ ಗೋ 1888ರ ಫೆಬ್ರುವರಿಯಿಂದ 1889ರ ಮೇವರೆಗೆ ಇದ್ದ ಊರು ಇದು. ಅವನ ಚಿತ್ರಗಳನ್ನು ನೋಡಬೇಕೆಂದೇ ಹೋಗುವವರಿಗೆ ಮೊದಲೇ ಹೇಳುವುದು ಒಳ್ಳೆಯದು: ಇಲ್ಲಿ ಬರೆದ ಚಿತ್ರಗಳೆಲ್ಲ ಲೋಕದ ಬೇರೆ ಬೇರೆ ಸಂಗ್ರಹಾಲಯಗಳಲ್ಲಿವೆ. ಅವನ ಹೆಸರಿನ ಫೌಂಡೇಶನ್ನಿನಲ್ಲಿ ಎರವಲು ತಂದ ಒಂದೆರಡು ಮೂಲ ಚಿತ್ರ ಕಂಡರೆ ಅದೇ ಭಾಗ್ಯ. ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸದ, 2021ರಲ್ಲಿ ತೆರೆದ ಲ್ಯೂಮಾ ಕಲಾಕೇಂದ್ರದ ಗೋಪುರವನ್ನು ಹೊರಗಿನಿಂದ ನೋಡಿದರೂ ಸಾಕು. ಊರಾಚೆಗಿನ ರೋಮನ್ ವಸ್ತುಸಂಗ್ರಹಾಲಯ ಅದಕ್ಕಿಂತ ಮೇಲು. ಮಂಗಳವಾರ ಬಾಗಿಲು ಹಾಕಿರುತ್ತದೆ.

ಭಾನುವಾರ ಲಿಲ್ ಸುರ್ ಲಾ ಸೋರ್ಗ್‌ಗೆ. ಸೋರ್ಗ್ ನದಿಯ ಕವಲುಗಳ ನಡುವಿನ ಈ ಊರಿನಲ್ಲಿ ಅಂದು ತಿಂಡಿ-ತರಕಾರಿಯ ಸಂತೆಯೂ ಹಳೆಯ ಸಾಮಾನಿನ ಸಂತೆಯೂ ಒಟ್ಟಿಗೆ ಸೇರುತ್ತವೆ. ಹತ್ತು ಗಂಟೆಯಾದ ಮೇಲೆ ಕಾಲಿಡಲೂ ಜಾಗವಿರುವುದಿಲ್ಲ, ಒಂಬತ್ತರೊಳಗೆ ತಲುಪುವ ರೈಲು ಹಿಡಿಯಿರಿ. ಇಲ್ಲೊಂದು ಹೆಸರಿನ ಮೋಸವಿದೆ. ನಿಲ್ದಾಣದ ಪೂರ್ತಿ ಹೆಸರು 'ಲಿಲ್ ಸುರ್ ಲಾ ಸೋರ್ಗ್–ಫೋಂತೆನ್ ದ ವೊಕ್ಲ್ಯೂಸ್'. ಇಳಿದರೆ ಎರಡೂ ಊರು ಸಿಕ್ಕಿತು ಎಂದುಕೊಳ್ಳಬೇಡಿ, ಫೋಂತೆನ್ ಅಲ್ಲಿಂದ ಏಳು ಕಿಲೋಮೀಟರ್. ಅದಕ್ಕೆ ಜೂ ಬಸ್ಸೇ ಗತಿ, ಭಾನುವಾರ ಅದೂ ಅಪರೂಪ. ಫೋಂತೆನ್ ಬುಗ್ಗೆಯನ್ನು ನೋಡಲೇಬೇಕೆಂದರೆ ವಾರದ ದಿನ ಹೋಗಿ, ಅದೂ ಮಳೆ ಬಿದ್ದ ಮೇಲಿನ ವಸಂತದಲ್ಲಿ. 1985ರಲ್ಲಿ ಯಂತ್ರ ಇಳಿಸಿ ಅಳೆದಾಗ 308 ಮೀಟರ್ ಆಳದಲ್ಲಿ ತಳ ಸಿಕ್ಕಿತು. ಮಾರ್ಚ್-ಏಪ್ರಿಲ್‌ನಲ್ಲಿ ಬಂಡೆಗಳ ಮೇಲಿಂದ ಉಕ್ಕಿ ಹರಿಯುವ ನೀರು ಆಗಸ್ಟಿನಲ್ಲಿ ಗುಂಡಿಯ ಒಳಗೆ ಸೇರಿಕೊಂಡು ಹಸಿರು ಮಡುವಾಗಿರುತ್ತದೆ. ಬೇಸಿಗೆಯಲ್ಲಿ ಹೋಗಿ ನಿರಾಶರಾದವರ ದೂರಿಗೆಲ್ಲ ಇದೇ ಕಾರಣ.

ಸೋಮವಾರ ಒರಾಂಜ್‌ಗೆ, ಅರ್ಧ ದಿನ ಸಾಕು. ಅವಿನ್ಯೋನ್‌ನ ಲೆ ಆಲ್ ಮಾರುಕಟ್ಟೆಗೆ ಸೋಮವಾರ ರಜೆ, ಎಷ್ಟೋ ಊಟದ ಹೋಟೆಲುಗಳಿಗೂ ರಜೆ. ಒರಾಂಜ್‌ನ ರೋಮನ್ ರಂಗಮಂದಿರ ಮಾತ್ರ ತೆರೆದಿರುತ್ತದೆ. ವೇದಿಕೆಯ ಹಿಂದಿನ ಗೋಡೆ 103 ಮೀಟರ್ ಉದ್ದ, 37 ಮೀಟರ್ ಎತ್ತರ. ಮೇಲಿನ ಸಾಲಿನ ಕಲ್ಲು ಮೆಟ್ಟಿಲಲ್ಲಿ ಕೂತರೆ ಅದರ ಗಾತ್ರ ಅರಿವಿಗೆ ಬರುತ್ತದೆ. ನಿಲ್ದಾಣದಿಂದ ಕಾಲು ಗಂಟೆ ನಡಿಗೆ.

ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಪೊಂ ದು ಗಾರ್‌ಗೆ ಮೀಸಲಿಡಿ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮೊದಲನೆಯದಾಗಿ, 2019ರ ಡಿಸೆಂಬರಿನಲ್ಲಿ ತೆರೆದ 'ನೀಮ್ ಪೊಂ ದು ಗಾರ್' ಎಂಬ ಟಿಜಿವಿ ನಿಲ್ದಾಣಕ್ಕೂ ಈ ಸೇತುವೆಗೂ ಹೆಸರಿನ ನಂಟು ಮಾತ್ರ. ಅದು ಇರುವುದು ನೀಮ್ ನಗರದಿಂದ ಹನ್ನೆರಡು ಕಿಲೋಮೀಟರ್ ದೂರದ ಮಾಂದ್ಯುಯೆಲ್‌ನಲ್ಲಿ. ಅಲ್ಲಿಳಿದು ಸೇತುವೆ ಹುಡುಕಬೇಡಿ. ಅವಿನ್ಯೋನ್ ಬಸ್ ನಿಲ್ದಾಣದಿಂದ ಉಜೆಸ್ ಕಡೆಗೆ ಹೋಗುವ ಲಿಯೋ 115ನೇ ಬಸ್ಸು ಹತ್ತಿ, ನೀಮ್‌ನಿಂದಾದರೆ 121. ಇಳಿಯುವ ಜಾಗ ಸೇತುವೆಯ ಬುಡವಲ್ಲ, ಹೆದ್ದಾರಿಯ ಒಂದು ವೃತ್ತ. ಅಲ್ಲಿಂದ ಎಡದಂಡೆಯ ಪ್ರವೇಶದ್ವಾರದ ಮೂಲಕ ಸೇತುವೆಗೆ ಸುಮಾರು ಕಾಲು ಗಂಟೆ ನಡೆಯಬೇಕು, ನೆರಳು ಕಡಿಮೆ. ವಾಪಸ್ ಬರುವಾಗ ಯಾವ ಬದಿಯಲ್ಲಿ ನಿಲ್ಲಬೇಕೆಂಬುದು ಎಲ್ಲರಿಗೂ ಗೊಂದಲ. ವೃತ್ತದ ಸುತ್ತ ಒಂದಕ್ಕಿಂತ ಹೆಚ್ಚು ತಂಗುದಾಣಗಳಿವೆ, ತಪ್ಪು ಕಡೆ ನಿಂತವರ ಕಣ್ಣೆದುರೇ ಬಸ್ಸು ಆಚೆಯಿಂದ ಹೊರಟುಹೋಗುತ್ತದೆ. ಇಳಿಯುವಾಗಲೇ ಚಾಲಕನಿಗೆ 'ರತೂರ್ ಅವಿನ್ಯೋನ್?' ಎಂದು ಕೇಳಿ ಕೈ ತೋರಿಸಿಕೊಳ್ಳಿ, ಕಂಬದ ಮೇಲಿನ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ಕೊನೆಯ ಬಸ್ಸನ್ನಲ್ಲ, ಅದರ ಹಿಂದಿನದನ್ನು ಹಿಡಿಯುವಂತೆ ಲೆಕ್ಕ ಹಾಕಿ. ಕೊನೆಯದು ತಪ್ಪಿದರೆ ಟ್ಯಾಕ್ಸಿಗೆ ದಿನದ ಖರ್ಚೆಲ್ಲ ಹೋಗುತ್ತದೆ, ಕರೆದ ಕೂಡಲೇ ಬರುವ ಟ್ಯಾಕ್ಸಿಯೂ ಆ ಬಯಲಲ್ಲಿಲ್ಲ.

ಇಷ್ಟು ಪಾಡುಪಟ್ಟು ಹೋಗುವುದಕ್ಕೆ ತಕ್ಕ ಜಾಗವೇ ಅದು. ಒಂದನೇ ಶತಮಾನದಲ್ಲಿ ಕಟ್ಟಿದ ಮೂರು ಅಂತಸ್ತಿನ ಕಮಾನು, 49 ಮೀಟರ್ ಎತ್ತರ. ಉಜೆಸ್ ಬಳಿಯ ಬುಗ್ಗೆಯಿಂದ ನೀಮ್‌ಗೆ ನೀರು ಒಯ್ಯುತ್ತಿದ್ದ ಐವತ್ತು ಕಿಲೋಮೀಟರ್ ಕಾಲುವೆಗೆ ಇದ್ದ ಒಟ್ಟು ಇಳಿಜಾರು ಹನ್ನೆರಡೂವರೆ ಮೀಟರ್ ಆಸುಪಾಸು, ಅಂದರೆ ಕಿಲೋಮೀಟರಿಗೆ ಒಂದು ಗೇಣು. ಕೆರೆ-ತೂಬು-ಕಾಲುವೆ ಕಂಡವರಿಗೆ ಅದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ನಡೆದು ದಾಟುವುದು ಹದಿನೆಂಟನೇ ಶತಮಾನದಲ್ಲಿ ಪಕ್ಕಕ್ಕೆ ಅಂಟಿಸಿ ಕಟ್ಟಿದ ರಸ್ತೆ ಸೇತುವೆಯ ಮೇಲೆ. ಮೇಲಿನ ನೀರುಕಾಲುವೆಯೊಳಗೆ ಮಾರ್ಗದರ್ಶಕರ ಜೊತೆಗಷ್ಟೇ ಬಿಡುತ್ತಾರೆ, ಆ ವೇಳೆಯನ್ನು ಮೊದಲೇ ಕಾಯ್ದಿರಿಸಿ. ಬೇಸಿಗೆಯಾದರೆ ಈಜುಬಟ್ಟೆ ಒಯ್ಯಿರಿ, ಕಮಾನಿನ ಕೆಳಗೆ ಗಾರ್ದೋಂ ನದಿಯಲ್ಲಿ ಊರವರೆಲ್ಲ ಇಳಿದಿರುತ್ತಾರೆ.

ಈ ಸೇವೆಗಳು ಕೈಕೊಡುವುದು ಲ್ಯುಬೆರೋಂ ಬೆಟ್ಟದ ಊರುಗಳ ವಿಚಾರದಲ್ಲಿ. ಗೋರ್ದ್, ರೂಸ್ಸಿಯೋಂ, ಲ್ಯಾವೆಂಡರ್ ಹೊಲದ ನಡುವಿನ ಸೆನಾಂಕ್ ಮಠ, ಈ ಮೂರನ್ನೂ ಬಸ್ಸಿನಲ್ಲಿ ಒಂದೇ ದಿನ ಮುಗಿಸುವ ಆಸೆ ಬಿಡಿ. ಲ್ಯಾವೆಂಡರ್ ಇಲ್ಲಿ ಅರಳುವುದು ಜೂನ್ ನಡುವಿನಿಂದ ಜುಲೈ ನಡುವಿನ ತನಕ. ಆಗ ಹೋಗುವವರು ಅವಿನ್ಯೋನ್‌ನಿಂದ ಹೊರಡುವ ಅರ್ಧ ದಿನದ ಮಿನಿಬಸ್ ಪ್ರವಾಸಕ್ಕೆ ಸೇರಿಕೊಳ್ಳುವುದೇ ಮೇಲು. ಒಂದು ದಿನಕ್ಕೆ ಕಾರು ಬಾಡಿಗೆ ಹಿಡಿಯುವುದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿರಿ, ಠೇವಣಿಗೆ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ಗೇರಿಲ್ಲದ ಕಾರುಗಳು ಕಡಿಮೆ, ದುಬಾರಿ. ಬಲಬದಿಯ ಸಂಚಾರದಲ್ಲಿ ಎಡಗಾಲಿಗೆ ಕ್ಲಚ್, ಬಲಗೈಗೆ ಗೇರು. ಎದುರಿಗೆ ಕಲ್ಲುಗೋಡೆಗಳ ನಡುವಿನ ಕಿರಿದಾದ ಏರುದಾರಿ. ಮೊದಲ ದಿನವೇ ಇದಕ್ಕೆ ಕೈ ಹಾಕುವುದು ಬೇಡ.

ಸಸ್ಯಾಹಾರಿಗಳಿಗೆ ಎರಡು ಮಾತು. ಆಲಿವ್ ಚಟ್ನಿಯಂತೆ ಕಾಣುವ ತಾಪೆನಾದ್‌ನಲ್ಲಿ ಆಂಚೊವಿ ಮೀನು ಅರೆದಿರುತ್ತಾರೆ. ಹಸಿರು ಸಲಾಡಿನಲ್ಲಿ ಕಾಣುವ ಕೆಂಪು ಚೂರು ಹಂದಿಮಾಂಸದ್ದು. 'ಸಾಂ ವ್ಯಾಂದ್, ಸಾಂ ಪ್ವಾಸೋಂ' ಎಂದರೆ ಮಾಂಸ ಬೇಡ, ಮೀನು ಬೇಡ; ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರ ತನಕ ಮಾತ್ರ, ಎರಡೂಕಾಲಿಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. 'ಕರಾಫ್ ದೋ' ಎಂದು ಕೇಳಿದರೆ ನಲ್ಲಿ ನೀರು ಪುಕ್ಕಟೆ ಬರುತ್ತದೆ, ಬರೀ ನೀರು ಎಂದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ.

ಜುಲೈನಲ್ಲಿ ಅವಿನ್ಯೋನ್‌ನಲ್ಲಿ 1947ರಿಂದ ನಡೆದುಬಂದ ನಾಟಕೋತ್ಸವವಿದೆ. ನಾಟಕ ಬೇಕಾದವರಿಗೆ ಸುಗ್ಗಿ. ಉಳಿದವರಿಗೆ ಕೋಣೆ ಸಿಗದು, ಸಿಕ್ಕಿದರೂ ದರ ಕೈಸುಡುತ್ತದೆ. ಆ ತಿಂಗಳು ಆರ್ಲ್ ಅಥವಾ ನೀಮ್‌ನಲ್ಲಿ ತಂಗಿ ಇದೇ ಯೋಜನೆಯನ್ನು ತಿರುಗಿಸಿಕೊಳ್ಳಿ. ರೈಲ್ವೆ ಮುಷ್ಕರ ಯಾವ ತಿಂಗಳೂ ಬರಬಹುದು, ಆದರೆ ಹೇಳದೆ ಕೇಳದೆ ಬರುವುದಿಲ್ಲ. ಯಾವ ರೈಲು ಓಡುತ್ತದೆಂಬ ಪಟ್ಟಿ ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಆ್ಯಪ್‌ನಲ್ಲಿ ಬಂದಿರುತ್ತದೆ. ಪಟ್ಟಿ ನೋಡಿ ರೈಲಿಲ್ಲವೆಂದಾದರೆ ಆ ದಿನವನ್ನು ಅವಿನ್ಯೋನ್‌ಗೇ ಕೊಡಿ. ಬೆಳಿಗ್ಗೆ ಪೋಪರ ಅರಮನೆ ಮತ್ತು ಇಪ್ಪತ್ತೆರಡು ಕಮಾನುಗಳಲ್ಲಿ ನಾಲ್ಕೇ ಉಳಿದ ಸೇತುವೆ, ಎರಡಕ್ಕೂ ಸೇರಿದ ಟಿಕೆಟ್ ಸಿಗುತ್ತದೆ. ಸಂಜೆ ರೋನ್ ದಾಟಿಸುವ ದೋಣಿ ಹತ್ತಿ ಬಾರ್ಥೆಲಾಸ್ ನಡುಗಡ್ಡೆಗೆ ಹೋಗಿ; ದೋಣಿಗೆ ಕಾಸಿಲ್ಲ. ಆಚೆ ದಡದ ಹುಲ್ಲಿನ ಮೇಲೆ ಕೂತರೆ ಅರಮನೆಯೂ ಮುರುಕು ಸೇತುವೆಯೂ ಒಟ್ಟಿಗೆ ಕಾಣುತ್ತವೆ. ಮಿಸ್ತ್ರಾಲ್ ಗಾಳಿ ಎದ್ದ ದಿನ ಮಾತ್ರ ಆ ದೋಣಿಯೂ ನಿಲ್ಲಬಹುದು, ಟೋಪಿಯೂ ಹಾರಿಹೋಗಬಹುದು.